ಹೂವಿನೊಳಗಿನ ಭೂತ, ಮೂರು ಪುಸ್ತಕಗಳಲ್ಲಿ

ಅಮೆರಿಕದ ಲೇಖಕ ಕ್ಲಾರ್ಕ್ ಆಷ್ಟನ್ ಸ್ಮಿತ್ ಅಂದ್ರೆ ಹೆಚ್ಚಿನವರಿಗೆ ‘ವಿಯರ್ಡ್ ಟೇಲ್ಸ್’ ಎಂಬ ವಿಚಿತ್ರ ಕತೆಗಳ ಪತ್ರಿಕೆಯ ಕತೆಗಾರ. ನನಗೆ ಅವರ ಕತೆಗಳಿಗಿಂತ ಗದ್ಯಕವಿತೆಗಳೇ ಜಾಸ್ತಿ ಇಷ್ಟ. ಯಾವ ಪುಸ್ತಕದಲ್ಲಿ ಓದಿದರೆ ಚೆಂದ ಅಂತ ನೋಡಲು ‘ದಿ ಫ್ಲವರ್-ಡೆವಿಲ್’ ಒಂದನ್ನೇ ಮೂರು ಕಡೆ ಓದಿದೆ. ಶನಿಗ್ರಹದ ರಾಜರ ತೋಟ. ಕಂಬದ ತುದಿಯ ಕಲ್ಲಿನ ಬೋಗುಣಿಯಲ್ಲಿ ಒಂದು ಹೂಗಿಡ, ಅದರೊಳಗೆ ಭೂತ. ಕಿತ್ತು ಹಾಕಲು ರಾಜನಿಗೆ ಧೈರ್ಯ ಇಲ್ಲ. ಹೊರಬಿದ್ದ ಭೂತ ತನ್ನ ಮುದ್ದಿನ ರಾಣಿಯ ಎದೆಯಲ್ಲೇ ಮನೆ ಮಾಡಿಬಿಟ್ಟರೆ? ಗದ್ಯಕವಿತೆ ಅಲ್ಲಿಗೇ ಮುಗಿಯುತ್ತದೆ.

ಮೊದಲು ಪೆಂಗ್ವಿನ್‌ನವರ 2014ರ ‘ದಿ ಡಾರ್ಕ್ ಐಡೊಲಾನ್’. ಎಸ್.ಟಿ. ಜೋಶಿ ಸಂಪಾದಿಸಿದ್ದು. ಸುಲಭವಾಗಿ ಸಿಗುತ್ತದೆ, ಟಿಪ್ಪಣಿಗಳೂ ಚೆನ್ನಾಗಿವೆ. ಆದರೆ ಕತೆಗಳು ಮುಂದೆ, ಗದ್ಯಕವಿತೆಗಳು ಹಿಂದೆ. ಕತೆಯ ಓಟದಲ್ಲೇ ಬಂದು ‘ಆಮೇಲೇನಾಯ್ತು?’ ಅಂತ ಕೇಳಿಬಿಟ್ಟೆ. ಇಂಥ ಬರಹದ ಹತ್ತಿರ ಕೇಳಬಾರದ ಪ್ರಶ್ನೆ ಅದು. ಮೇಲಾಗಿ ಇದು ಆಯ್ದ ಸಂಗ್ರಹ.

ಆಮೇಲೆ 1922ರ ‘ಎಬನಿ ಅಂಡ್ ಕ್ರಿಸ್ಟಲ್’. ಕ್ಯಾಲಿಫೋರ್ನಿಯಾದ ಆಬರ್ನ್‌ನಲ್ಲಿ ಸ್ಮಿತ್ ತಾವೇ ತಂದ 500 ಪ್ರತಿಗಳ ಪುಸ್ತಕ. ಅದರ ಸ್ಕ್ಯಾನ್ ತೆಗೆದುಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. ಇಲ್ಲಿ ಮೊದಲು ಛಂದೋಬದ್ಧ ಕವಿತೆಗಳು, ಕೊನೆಗೆ 29 ಗದ್ಯಕವಿತೆಗಳು. ಅಷ್ಟು ಹೊತ್ತಿಗೆ ಕಿವಿ ಹದವಾಗಿರುತ್ತೆ. ಅದೇ ಹೂವಿನ ಮುಂದೆ ಈ ಸಲ ನಿಂತೆ. ಕೊರತೆ ಒಂದೇ, 1922ರ ನಂತರ ಬರೆದದ್ದು ಇದರಲ್ಲಿ ಇಲ್ಲ.

ಮೂರನೆಯದು ಆರ್ಕಮ್ ಹೌಸ್ ಪ್ರಕಾಶನದ 1965ರ ‘ಪೊಯೆಮ್ಸ್ ಇನ್ ಪ್ರೋಸ್’. ಸ್ಮಿತ್ ತೀರಿಕೊಂಡ ಮೇಲೆ ಬಂದದ್ದು. ಸ್ನೇಹಿತರೊಬ್ಬರು ಎರಡು ದಿನಕ್ಕೆ ಕೊಟ್ಟರು. ಫ್ರಾಂಕ್ ಉಟ್‌ಪಾಟೆಲ್ ಚಿತ್ರಗಳು, ಬರೀ ಗದ್ಯಕವಿತೆ, ತೆಳ್ಳನೆಯ ಪುಸ್ತಕ. ರಾಣಿಯ ಎದೆಯ ಮಾತಿಗೆ ಬಂದಾಗ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತೆ. ನನ್ನ ಮಟ್ಟಿಗೆ ಇದೇ ಸರಿಯಾದ ರೂಪ. ಆದರೆ ಸಾವಿರ ಚಿಲ್ಲರೆ ಪ್ರತಿಗಳಷ್ಟೇ ಅಚ್ಚಾದದ್ದು. ಕೊಳ್ಳುವ ಶಕ್ತಿ ನನಗಿಲ್ಲ.

ಹಾಗಾಗಿ ನಾನೇ ಒಂದು ಪುಟ್ಟ ಪುಸ್ತಕ ಮಾಡುತ್ತಿದ್ದೇನೆ. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಸ್ಮಿತ್ ಹೋದದ್ದು 1961ರಲ್ಲಿ. ಅವರು ಬದುಕಿದ್ದಾಗ ಅಚ್ಚಾದದ್ದನ್ನೆಲ್ಲ 2022ರಿಂದ ನಾವು ಮರುಮುದ್ರಿಸಬಹುದು.

ಟೈಪ್ ಮಾಡುವಾಗಲೇ ಎಷ್ಟು ಎಚ್ಚರ ಬೇಕು ಅಂತ ಗೊತ್ತಾದದ್ದು. ‘ಶಿನ್ವಾಸರಿ’ ಎಂಬ ಸ್ಮಿತ್‌ರ ಇನ್ನೊಂದು ಗದ್ಯಕವಿತೆಯಲ್ಲಿ ಲಿಂಗ್ ಯಾಂಗ್ ಎಂಬ ಕವಿ ಮೋಯ್ ಎಂಬ ಹೆಣ್ಣಿಗಾಗಿ ಹಂಬಲಿಸುತ್ತಾನೆ. ಅವಳು ದೂರದಲ್ಲಿ ಕೂತು ಕನಸು ಕಾಣುವುದು ಲಿಂಗ್ ಯುಂಗ್‌ನದ್ದು. ಅವನು ಎಂದೋ ಸತ್ತುಹೋದ ಬೇರೆ ಕವಿ. ಕರಡು ನೋಡಿದ ಗೆಳತಿ ಅದನ್ನು ಅಚ್ಚಿನ ತಪ್ಪು ಅಂದುಕೊಂಡು ಎರಡೂ ಕಡೆ ‘ಯಾಂಗ್’ ಮಾಡಿದ್ದಳು. ಒಂದಕ್ಷರ ಬದಲಾಗಿ ಇಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುವಂತಾಗಿತ್ತು! ಹಳೆಯ ಪ್ರತಿಯ ಜೊತೆ ಹೋಲಿಸಿ ‘ಯುಂಗ್’ ಅಂತಲೇ ತಿದ್ದಿದೆ. ಆ ಹಾಳೆಯ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ‘ಇದನ್ನು ಮುಟ್ಟಬೇಡಿ’ ಅಂತ ಬರೆದಿಟ್ಟಿದ್ದೇನೆ.