ಹಾಸನದ ಭಾನುವಾರದ ಲೆಕ್ಕದ ಕ್ಲಾಸ್: ನಾಲ್ಕು ಸ್ಟಾರ್, ಒಂದು ಯಾಕೆ ಕಡಿಮೆ ಅಂತ ಕೆಳಗೆ ಬರೆದಿದ್ದೇನೆ

ಸಾಲಗಾಮೆ ರಸ್ತೆಯಿಂದ ಒಳಗೆ ಹೋದರೆ ಒಂದು ಅಡ್ಡರಸ್ತೆಯಲ್ಲಿ ನಿವೃತ್ತ ಪಿಯು ಲೆಕ್ಚರರ್ ಒಬ್ಬರ ಮನೆ ಇದೆ. ಅವರು ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಲೆಕ್ಕದ ಕ್ಲಾಸ್ ಮಾಡುತ್ತಾರೆ. ಬೋರ್ಡ್ ಇಲ್ಲ, ಪಾಂಪ್ಲೆಟ್ ಇಲ್ಲ. 'ಹೆಸರು ಹಾಕಬೇಡಮ್ಮ' ಅಂತ ಸರ್ ಮೊದಲೇ ಹೇಳಿದ್ದರಿಂದ ನಾನೂ ಹಾಕುವುದಿಲ್ಲ. ಗೇಟಿನ ಒಳಗೆ ಏಳೆಂಟು ಸೈಕಲ್ ಒಂದರ ಮೇಲೊಂದು ಒರಗಿದ್ದರೆ ಅದೇ ಮನೆ.

ನಾನು ಸೆಕೆಂಡ್ ಪಿಯು, ಪಿಸಿಎಂಸಿ. ಆಲೂರಿನಿಂದ ಬಸ್ಸಲ್ಲಿ ಬರುತ್ತೇನೆ. ಶಕ್ತಿ ಯೋಜನೆ ಬಂದಮೇಲೆ ಆಧಾರ್ ಕಾರ್ಡ್ ಒಂದಿದ್ದರೆ ಸಾಕು, ಇಲ್ಲದಿದ್ದರೆ ವಾರವಾರ ಬಸ್ ಚಾರ್ಜ್ ಕೊಟ್ಟು ಭಾನುವಾರವೂ ಲೆಕ್ಕ ಮಾಡೋಕೆ ಹೋಗ್ತೀನಿ ಅಂದರೆ ಮನೆಯಲ್ಲಿ ಒಪ್ಪುತ್ತಿರಲಿಲ್ಲ. ಹತ್ತು ತಿಂಗಳಿಂದ ಹೋಗುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಸಿಇಟಿ ರ‍್ಯಾಂಕ್ ಬೇಕು ಅಂತ ಬರುವವರು ಇಲ್ಲಿ ಬರಬೇಡಿ. ಸಿಇಟಿ ಗಣಿತ ಪೇಪರ್ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದಕ್ಕೆ 80 ಸೆಕೆಂಡ್. ಅದಕ್ಕೆ ಬೇಕಾದ್ದು ಬೇರೆ ಅಭ್ಯಾಸ. ನಾನು ಮೊದಲು ಹೋಗುತ್ತಿದ್ದ ಟ್ಯೂಷನ್‌ನಲ್ಲಿ ಅದನ್ನೇ ಕಲಿಸುತ್ತಿದ್ದರು. 'ಬಿಡಿಸ್ತಾ ಕೂರಬೇಡ, ನಾಲ್ಕು ಆಪ್ಷನ್ ಹಾಕಿ ನೋಡು, ಯಾವುದು ಕೂರುತ್ತೋ ಅದೇ ಉತ್ತರ.' ತಪ್ಪಲ್ಲ ಬಿಡಿ, ಕಾಲೇಜ್ ಟೆಸ್ಟ್‌ಗಳಲ್ಲಿ ನನಗೆ ತೊಂಬತ್ತರ ಮೇಲೆ ಬರುತ್ತಿತ್ತು. ನನಗೆ ಗಣಿತ ಬರುತ್ತೆ ಅಂತಲೇ ಅಂದುಕೊಂಡಿದ್ದೆ.

ಆಮೇಲೆ ಫಸ್ಟ್ ಪಿಯುನಲ್ಲಿ ಐಒಕ್ಯೂಎಂ ಬರೆದೆ. ಗಣಿತ ಒಲಿಂಪಿಯಾಡ್‌ನ ಮೊದಲ ಮೆಟ್ಟಿಲು ಅದು. 30 ಪ್ರಶ್ನೆ, 3 ಗಂಟೆ, 100 ಅಂಕ. ಆಪ್ಷನ್ನೇ ಇಲ್ಲ. ಉತ್ತರ 00ರಿಂದ 99ರ ಒಳಗಿನ ಯಾವುದೋ ಒಂದು ಸಂಖ್ಯೆ, ಅಷ್ಟೇ. ನನಗೆ ಬಂದದ್ದು 17. ಮನೆಯಲ್ಲಿ ಹೇಳಲೂ ಇಲ್ಲ. ಆ ಪ್ರಶ್ನೆಗಳಲ್ಲಿ ನನಗೆ ಗೊತ್ತಿಲ್ಲದ ಪಾಠ ಜಾಸ್ತಿ ಏನೂ ಇರಲಿಲ್ಲ, ಎಲ್ಲಿಂದ ಕೈ ಹಾಕಬೇಕು ಅಂತಲೇ ಗೊತ್ತಾಗಲಿಲ್ಲ. ಹೊಟ್ಟೆ ಉರಿದದ್ದು ಅದಕ್ಕೇ.

ಕಾಲೇಜಿನ ಸೀನಿಯರ್ ಅಕ್ಕ ಒಬ್ಬರು ಈ ಮನೆಯ ದಾರಿ ಹೇಳಿದರು.

ಮೊದಲ ದಿನ ಚಾಪೆ ಮೇಲೆ ಒಂಬತ್ತು ಜನ ಕೂತಿದ್ದೆವು. ಸರ್ ಗಿಡಕ್ಕೆ ನೀರು ಹಾಕಿ, ಕೈ ಒರೆಸಿಕೊಂಡು ಬಂದು, ಹಲಗೆ ಮೇಲೆ ಎರಡು ಸಾಲು ಬರೆದರು. ಎ, ಬಿ ಎರಡು ಧನ ಪೂರ್ಣಾಂಕಗಳು. ಎ ವರ್ಗ ಕೂಡಿಸು ಬಿ ವರ್ಗವನ್ನು, ಎ ಗುಣಿಸು ಬಿ ಕೂಡಿಸು ಒಂದು, ಇದು ಶೇಷವಿಲ್ಲದೆ ಭಾಗಿಸುತ್ತದೆ. ಹಾಗಾದರೆ ಬರುವ ಭಾಗಲಬ್ಧ ಯಾವಾಗಲೂ ಪೂರ್ಣ ವರ್ಗವೇ ಆಗಿರುತ್ತದೆ ಅಂತ ಸಾಧಿಸಿ. ಬರೆದು ಒಳಗೆ ಹೋದರು. ಪೇಪರ್ ಓದುವ ಸದ್ದು ಕೇಳಿಸುತ್ತಿತ್ತು.

ನೋಡೋಕೆ ಏನೂ ಇಲ್ಲ ಅಲ್ವಾ? ನಾನೂ ಹಾಗೇ ಅಂದುಕೊಂಡೆ. 2 ಮತ್ತು 8 ಹಾಕಿದೆ: 4 ಕೂಡಿಸು 64, ಅಂದರೆ 68, ಅದನ್ನು 17ರಿಂದ ಭಾಗಿಸಿದರೆ 4. ಸರಿ, ವರ್ಗ ಸಂಖ್ಯೆ. 3 ಮತ್ತು 27 ಹಾಕಿದೆ: 738 ಭಾಗಿಸು 82, ಬಂತು 9. 4 ಮತ್ತು 64ಕ್ಕೆ 16 ಬಂತು. ಗೊತ್ತಾಯ್ತು ಅಂತ ಕೂಗಿಯೇಬಿಟ್ಟೆ: ದೊಡ್ಡದು ಚಿಕ್ಕದರ ಘನ ಆಗಿರಬೇಕು, ಆಗ ಚಿಕ್ಕದರ ವರ್ಗ ಬರುತ್ತೆ, ಮುಗೀತು! ಸರ್ ಒಳಗಿಂದಲೇ 'ಅಷ್ಟೇನಾ?' ಅಂದರು. ಹತ್ತು ನಿಮಿಷಕ್ಕೆ ಅರಸೀಕೆರೆಯಿಂದ ಬರುವ ಹುಡುಗ, ಮಾತೇ ಆಡದವನು, ತನ್ನ ಹಾಳೆ ನನ್ನ ಕಡೆ ತಳ್ಳಿದ. 8 ಮತ್ತು 30. 64 ಕೂಡಿಸು 900, ಅಂದರೆ 964, ಭಾಗಿಸು 241. ಉತ್ತರ 4. 30 ಯಾವ ಲೆಕ್ಕದಲ್ಲೂ 8ರ ಘನ ಅಲ್ಲ. ನನ್ನ ಸಿದ್ಧಾಂತ ಅಲ್ಲಿಗೇ ಢಮಾರ್.

ಆ ಭಾನುವಾರ ಅಷ್ಟಕ್ಕೇ ಮುಗಿಯಿತು. ಸರ್ ಉತ್ತರ ಹೇಳಲಿಲ್ಲ. ಎರಡನೇ ಭಾನುವಾರವೂ ಹೇಳಲಿಲ್ಲ. ನಾನು ನಿಜವಾಗಿಯೂ ಸಿಟ್ಟಾಗಿದ್ದೆ, ದುಡ್ಡು ಕೊಟ್ಟು ಬಂದು ಸುಮ್ನೆ ಕೂತು ಎದ್ದು ಹೋಗೋದು ಯಾವ ಸೀಮೆ ಕ್ಲಾಸ್ ಅಂತ ಬಸ್ಸಲ್ಲಿ ಗೊಣಗಿಕೊಂಡೇ ಹೋದೆ. ಮೂರನೇ ವಾರ ಮಾತ್ರ ಪಕ್ಕ ಬಂದು ಕೂತು ಒಂದೇ ಮಾತು ಕೇಳಿದರು. 'ಈ 8 ಎರಡು ಕಡೆ ಬಂದಿದೆಯಲ್ಲಮ್ಮ, 2ರ ಜೊತೆಗೂ ಇದೆ, 30ರ ಜೊತೆಗೂ ಇದೆ. ಎರಡಕ್ಕೂ ಉತ್ತರ 4. ಈ 2ಕ್ಕೂ 30ಕ್ಕೂ ಏನು ಸಂಬಂಧ?'

2 ಕೂಡಿಸು 30, 32. ಅದು 4 ಗುಣಿಸು 8. ಅಯ್ಯೋ, ಇದು ಮೂಲಗಳ ಮೊತ್ತ! ಎಸ್ಸೆಸ್ಸೆಲ್ಸಿಯಲ್ಲಿ ಮಾಡಿದ ವರ್ಗ ಸಮೀಕರಣ! ಭಾಗಲಬ್ಧಕ್ಕೆ ಕೆ ಅಂತ ಹೆಸರಿಟ್ಟು, ಬಿ ಯನ್ನು ಕದಲಿಸದೆ, ಎ ಒಂದನ್ನೇ ಅಜ್ಞಾತ ಅಂತ ಬರೆದರೆ ಅದೊಂದು ವರ್ಗ ಸಮೀಕರಣ. ಎ ಒಂದು ಮೂಲ. ಇನ್ನೊಂದು ಮೂಲ, ಕೆ ಗುಣಿಸು ಬಿ ಯಿಂದ ಎ ಕಳೆದರೆ ಸಿಗುತ್ತದೆ, ಅದೂ ಪೂರ್ಣಾಂಕವೇ. ಎರಡರಲ್ಲಿ ಎ ದೊಡ್ಡದಾಗಿದ್ದರೆ ಈ ಹೊಸ ಮೂಲ ಬಿ ಗಿಂತಲೂ ಚಿಕ್ಕದು. ಅಂದರೆ ಒಂದು ಜೋಡಿ ಸಿಕ್ಕರೆ ಅದರಿಂದ ಅದಕ್ಕಿಂತ ಚಿಕ್ಕ ಜೋಡಿ, ಅದರಿಂದ ಇನ್ನೂ ಚಿಕ್ಕದು. 112, 30. ಆಮೇಲೆ 30, 8. ಆಮೇಲೆ 8, 2. ಆಮೇಲೆ 2, 0. ಒಂದು ಕಡೆ ಸೊನ್ನೆ ಬಂದ ತಕ್ಷಣ ಕೆ ಅನ್ನೋದು ಉಳಿದ ಸಂಖ್ಯೆಯ ವರ್ಗ ಆಗಲೇಬೇಕು, ಬೇರೆ ದಾರಿಯೇ ಇಲ್ಲ. ಇಳಿಯುವಾಗ ಕೆ ಬದಲಾಗುವುದೇ ಇಲ್ಲ, ಹಾಗಾಗಿ ಮೊದಲಿನ ಜೋಡಿಗೂ ಅದೇ. ನನಗೆ ಕೈ ನಡುಗುತ್ತಿತ್ತು, ಉತ್ಪ್ರೇಕ್ಷೆ ಅಲ್ಲ.

ನೀಟಾಗಿ ಬರೆದು ಕೊಟ್ಟೆ. ಸರ್ ಪೂರ್ತಿ ಓದಿದರು. ಒಂದು ಕಡೆ ಪೆನ್ಸಿಲ್ ಇಟ್ಟು, 'ಇಲ್ಲಿ ಋಣ ಸಂಖ್ಯೆ ಬಂದರೆ?' ಅಂದರು.

ಹೌದಲ್ಲ. ಇಳಿಯುತ್ತಾ ಹೋಗುವುದು ಸೊನ್ನೆಯ ಹತ್ತಿರವೇ ನಿಲ್ಲುತ್ತೆ ಅಂತ ಯಾರು ಹೇಳಿದರು? ಸೊನ್ನೆಯನ್ನು ಹಾರಿ ಕೆಳಗೆ ಹೋಗಬಹುದಲ್ಲ. ಇನ್ನೊಂದು ವಾರ ಹೋಯಿತು. ಆ ತೂತು ಮುಚ್ಚಿದ್ದು ನಾನಲ್ಲ, ಅದೇ ಅರಸೀಕೆರೆ ಹುಡುಗ: ಹೊಸ ಮೂಲ ಋಣ ಆದರೆ ಛೇದ ಸೊನ್ನೆ ಅಥವಾ ಅದಕ್ಕಿಂತ ಕೆಳಗೆ ಹೋಗುತ್ತೆ, ಅಂಶ ಮಾತ್ರ ಧನವೇ, ಕೆ ಕೂಡ ಧನ, ಹಾಗಾಗಿ ಅದು ಸಾಧ್ಯವಿಲ್ಲ. ಒಂದೇ ಸಾಲು. ನನಗೆ ಈಗಲೂ ಸ್ವಲ್ಪ ಹೊಟ್ಟೆಕಿಚ್ಚು ಇದೆ.

ಎಲ್ಲಾ ಮುಗಿದ ಮೇಲೆ, ನಾಲ್ಕನೇ ಭಾನುವಾರ, ಸರ್ ಪ್ರಶ್ನೆಯ ಮೂಲ ಹೇಳಿದರು. 1988ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಆರನೇ ಪ್ರಶ್ನೆ. ಅಲ್ಲಿ ಪ್ರತಿ ಪ್ರಶ್ನೆಗೆ 7 ಅಂಕ. ಇದಕ್ಕೆ ಪೂರ್ತಿ 7 ತೆಗೆದದ್ದು 11 ಜನ ಮಾತ್ರ. ಆ ವರ್ಷ 13ನೇ ವಯಸ್ಸಿಗೇ ಚಿನ್ನ ಗೆದ್ದ, ಈಗ ಜಗತ್ಪ್ರಸಿದ್ಧ ಗಣಿತಜ್ಞರಾಗಿರುವ ಟೆರೆನ್ಸ್ ಟಾವೋಗೂ ಈ ಪ್ರಶ್ನೆಯಲ್ಲಿ ಸಿಕ್ಕಿದ್ದು 1 ಅಂಕ. ಮೊದಲೇ ಹೇಳಿದ್ದರೆ ನಾವ್ಯಾರೂ ಪೆನ್ನೇ ಎತ್ತುತ್ತಿರಲಿಲ್ಲ, ಅದು ಸರ್‌ಗೂ ಗೊತ್ತು. ಅಲ್ಲಿ ಮೂರು ಪ್ರಶ್ನೆಗೆ ನಾಲ್ಕೂವರೆ ಗಂಟೆ ಕೊಡುತ್ತಾರೆ, ನಮಗೆ ಒಂದಕ್ಕೇ ನಾಲ್ಕು ವಾರ ಬೇಕಾಯಿತು, ಅದೂ ಸುಳಿವು ಕೊಟ್ಟಮೇಲೆ. ಆದರೂ ಬೇಕಾದ ಪಾಠ ಎಲ್ಲಾ ಹತ್ತನೇ ಕ್ಲಾಸಿನದೇ ಆಗಿತ್ತು. ನನ್ನ 17 ಅಂಕದ ಕಾರಣ ನನಗೆ ಅರ್ಥ ಆದದ್ದು ಆ ದಿನ: ನಾನು ಯಾವ ಪ್ರಶ್ನೆಯ ಮುಂದೆಯೂ ಐದು ನಿಮಿಷಕ್ಕಿಂತ ಜಾಸ್ತಿ ಕೂತೇ ಇರಲಿಲ್ಲ.

ಇನ್ನು ಉಳಿದ ವಿಷಯ. ಫೀಸ್ ತಿಂಗಳಿಗೆ 400. ಕೊಡಲು ಆಗದವರನ್ನು ಕೇಳುವುದೂ ಇಲ್ಲ. ರಫ್ ಕೆಲಸಕ್ಕೆ ಹಳೆ ಕ್ಯಾಲೆಂಡರ್ ಹಾಳೆಗಳ ಹಿಂಬದಿ ಇಟ್ಟಿರುತ್ತಾರೆ, ದೊಡ್ಡ ಹಾಳೆ, ತಪ್ಪು ಮಾಡಲು ಜಾಗ ಜಾಸ್ತಿ. ಪೂರ್ತಿ ಕನ್ನಡದಲ್ಲೇ ಮಾತು. ಹನ್ನೊಂದಕ್ಕೆ ಆಂಟಿ ಕಾಫಿ ಕೊಡುತ್ತಾರೆ, ಜೊತೆಗೆ ಖಾರ ಮಂಡಕ್ಕಿ. ಕಾಫಿಗೆ ಮಾತ್ರ ಬೇರೆ ಐದು ಸ್ಟಾರ್.

ಈಗ ಒಂದು ಸ್ಟಾರ್ ಯಾಕೆ ಕಿತ್ತೆ ಅಂತ. ಸರ್‌ಗೆ ಸಂಖ್ಯಾ ಸಿದ್ಧಾಂತ (ನಂಬರ್ ಥಿಯರಿ) ಅಂದರೆ ಪ್ರಾಣ, ರೇಖಾಗಣಿತ ಅಂದರೆ ಅಷ್ಟಕ್ಕಷ್ಟೆ. ಹತ್ತು ತಿಂಗಳಲ್ಲಿ ಒಂದೇ ಒಂದು ಒಳ್ಳೆ ರೇಖಾಗಣಿತದ ಪ್ರಶ್ನೆ ಬಂದದ್ದು, ಅದೂ ಬೇಲೂರಿಗೆ ಹೋಗಿ ಬಂದ ಖುಷಿಯಲ್ಲಿ. ಗುಡಿಯ ಜಗಲಿ ನಕ್ಷತ್ರದ ಹಾಗಿದೆಯಲ್ಲ, ಒಂದು ಚೌಕದ ಮೇಲೆ ಅದೇ ಅಳತೆಯ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಇಟ್ಟರೆ ಎರಡಕ್ಕೂ ಸೇರಿದ ಜಾಗ ಒಂದು ಚೌಕದ ಎಷ್ಟು ಪಾಲು ಅಂತ. (ಸುಮಾರು 83 ಪರ್ಸೆಂಟ್. ನಾನು 75ರ ಹತ್ತಿರ ಇರುತ್ತೆ ಅಂದುಕೊಂಡಿದ್ದೆ.) ಒಲಿಂಪಿಯಾಡ್‌ಗೆ ತಯಾರಿ ಮಾಡುವವರಿಗೆ ಇಷ್ಟು ಸಾಲದು. ಆಮೇಲೆ ನೋಟ್ಸ್ ಕೊಡುವುದಿಲ್ಲ. ತಿದ್ದಲು ಕೊಟ್ಟ ನೋಟ್‌ಬುಕ್ ವಾಪಸ್ ಬರಲು ಕೆಲವೊಮ್ಮೆ ಮೂರು ವಾರ. ಒಂದು ವಾರ ತಪ್ಪಿಸಿದರೆ ಏನಾಯಿತು ಅಂತ ಮತ್ತೆ ಹೇಳುವುದೂ ಇಲ್ಲ, ಪಕ್ಕದವರನ್ನೇ ಕಾಡಬೇಕು. ದೀಪಾವಳಿ ಸಮಯದಲ್ಲಿ ಹಾಸನಾಂಬೆ ಬಾಗಿಲು ತೆಗೆದಾಗ ಊರು ತುಂಬಾ ಜನ, ಆ ಭಾನುವಾರ ಕ್ಲಾಸ್ ಇಲ್ಲ, ಅದನ್ನು ಮಾತ್ರ ಫೋನ್ ಮಾಡಿ ಹೇಳಬಹುದಿತ್ತು. ನಾನು ಆಲೂರಿನಿಂದ ನಿಂತುಕೊಂಡೇ ಬಂದು ಬೀಗ ನೋಡಿ ವಾಪಸ್ ಹೋದೆ.

ಅಪ್ಪಅಮ್ಮಂದಿರಿಗೆ ಒಂದು ಮಾತು. ಒಬ್ಬ ಹುಡುಗನ ತಂದೆ ಬಂದು 'ಸರ್, ರಿಸಲ್ಟ್ ಎಷ್ಟು ನಿಮ್ಮದು?' ಅಂತ ಕೇಳಿದರು. ಸರ್ ಸ್ವಲ್ಪ ಯೋಚಿಸಿ 'ಈ ವರ್ಷ ಹನ್ನೊಂದು ಲೆಕ್ಕ ಮುಗಿದಿದೆ' ಅಂದರು. ಮುಂದಿನ ವಾರ ಆ ಹುಡುಗ ಬರಲಿಲ್ಲ. ಸಿಇಟಿಗೆ ನಾನು ಮನೆಯಲ್ಲೇ ಹಳೆ ಪೇಪರ್ ಇಟ್ಟುಕೊಂಡು ಬೇರೆಯಾಗಿ ಅಭ್ಯಾಸ ಮಾಡುತ್ತೇನೆ, ಎರಡನ್ನೂ ಒಂದೇ ಕಡೆ ಹುಡುಕಬೇಡಿ. ಬೆಂಗಳೂರಿನ ಐಎಸ್‌ಐನಲ್ಲಿ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಬಿ.ಮ್ಯಾತ್, ಅಂದರೆ ಗಣಿತದ ಡಿಗ್ರಿ, ಮಾಡುವ ಆಸೆ ಇರುವವರಿಗೆ ಮಾತ್ರ ಇದು ನೇರವಾಗಿ ಉಪಯೋಗ, ಅಲ್ಲಿನ ಪ್ರವೇಶ ಪರೀಕ್ಷೆಯಲ್ಲಿ ಒಂದು ಪೇಪರ್‌ಗೆ ಹೆಜ್ಜೆ ಹೆಜ್ಜೆಯಾಗಿ ಪೂರ್ತಿ ಸಾಧನೆ ಬರೆಯಬೇಕು. ನನ್ನ ಕಣ್ಣು ಅದರ ಮೇಲೇ ಇದೆ. 'ಇಲ್ಲಿ ಋಣ ಬಂದರೆ?' ಅಂತ ಕೇಳುವವರು ಒಬ್ಬರು ಪಕ್ಕದಲ್ಲಿ ಇರಬೇಕು.

ಹೊಸಬರು ಒಂಬತ್ತಕ್ಕೆ ಹತ್ತು ನಿಮಿಷ ಮೊದಲೇ ಬನ್ನಿ, ಗೋಡೆಗೆ ಒರಗುವ ಜಾಗ ಆಗ ಸಿಗುತ್ತೆ. ನೆಲದ ಮೇಲೆ ಕೂರಲು ಆಗದಿದ್ದರೆ ಆಂಟಿಗೆ ಹೇಳಿ, ಕುರ್ಚಿ ಎರಡೇ ಇವೆ. ನಾಯಿ ಬೊಗಳುತ್ತೆ, ಕಚ್ಚುವುದಿಲ್ಲ.