ಹಳೇ ಟೈರಾ, ಹೊಸದಾ?

ತುಮಕೂರು ಊರೊಳಗೇ ಓಡಾಡುವ ಕಾರಿಗೆ ಒಳ್ಳೇ ಸೆಕೆಂಡ್ ಹ್ಯಾಂಡ್ ಟೈರ್ ನಡೆಯುತ್ತದೆ. ದಿನಾ ನೆಲಮಂಗಲದ ಕಡೆ ಹೈವೇ ಹಿಡಿಯುವವರು ಮಾತ್ರ ಹೊಸದನ್ನೇ ಹಾಕಿಸಿ.

ಬೆಲೆಯಲ್ಲಿ ಹಳೆಯದೇ ಅಗ್ಗ, ಸರಿ. ಆದರೆ ಹೊಸ ಟೈರಿನ ಟ್ರೆಡ್ (ರಸ್ತೆಗೆ ತಾಗುವ ಮೈಮೇಲಿನ ಗೆರೆಗಳು) ಸುಮಾರು 8 ಮಿ.ಮೀ. ಆಳ, ಕಾನೂನಿನ ಕನಿಷ್ಠ 1.6. ಅಂಗಡಿಯಲ್ಲಿ 3 ಮಿ.ಮೀ. ಉಳಿದಿರುವುದನ್ನು ಕೊಟ್ಟರೆ ನಿಮ್ಮ ಪಾಲಿಗೆ ಬರುವುದು 1.4, ಹೊಸದರಲ್ಲಿ 6.4. ಅರ್ಧ ಬೆಲೆ ಅಂದರೂ ನಷ್ಟವೇ!

ಹೊಸದಕ್ಕೆ ಬಿಲ್ಲು, ವಾರಂಟಿ ಇರುತ್ತೆ. ಹಳೆಯದರ ಜಾತಕ ಅದರ ಪಕ್ಕದ ಗೋಡೆಯಲ್ಲೇ ಇದೆ: ಅಲ್ಲಿ ಅಚ್ಚಾದ ತಯಾರಿಕೆ ಕೋಡ್‌ನ ಕೊನೆಯ ನಾಲ್ಕು ಅಂಕಿ 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ್ದರೆ, ಟ್ರೆಡ್ ಎಷ್ಟೇ ಚೆನ್ನಾಗಿರಲಿ, ನಾನಂತೂ ಮುಟ್ಟಲ್ಲ. ಕಪ್ಪು ಪಾಲಿಶ್ ಮಿರಮಿರ ಮಿಂಚುತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಕೂದಲೆಳೆ ಬಿರುಕುಗಳು ಆಗಲೇ ಕಾಣೋದು. ರಿಮ್‌ಗೆ ಹಾಕುವ ಮೊದಲು ಒಳಗೂ ಟಾರ್ಚ್ ಬಿಡಿ. ಪಕ್ಕದಲ್ಲಿ ಪ್ಯಾಚ್ ಅಥವಾ ಉಬ್ಬು ಇದ್ದರೆ ವಾಪಸ್ ಕೊಡಿ. ಟ್ರೆಡ್ ಗೆರೆಯೊಳಗೆ ಸವೆತ ತೋರಿಸಲೆಂದೇ ಇರುವ ಅಡ್ಡ ದಿಬ್ಬವನ್ನೇ ಕೊರೆದು ಹಾಕಿದ್ದರೆ, ಸವೆದ ಟೈರನ್ನು ಬ್ಲೇಡಿನಿಂದ ಆಳ ಮಾಡಿದ್ದಾರೆ ಅಂತಲೇ ಲೆಕ್ಕ.

ಸ್ಟೆಪ್ನಿಗೆ ಮಾತ್ರ ಅಂದರೆ, ಇಷ್ಟೂ ಪಾಸಾದ ಹಳೆಯದೇ ಸಾಕು.