ಸಾಲಿಗೊಂದು ಪ್ಯಾನೆಲ್: ಮ್ಯಾಟ್‌ಪ್ಲಾಟ್‌ಲಿಬ್ ದೀರ್ಘ ಬಳಕೆಯ ವಿಮರ್ಶೆ

ಟೇಬಲ್‌ನ ಒಂದೊಂದು ಸಾಲಿಗೂ ಒಂದು ಪುಟ್ಟ ಗ್ರಾಫ್ (ಪ್ಯಾನೆಲ್) ಬರೆದು, ಎಲ್ಲವನ್ನೂ ಒಂದೇ ಚಿತ್ರದಲ್ಲಿ ಜೋಡಿಸಲು ಪೈಥಾನ್‌ನ ಟೇಬಲ್ ಲೈಬ್ರರಿ ಪಾಂಡಾಸ್ ಜೊತೆ ಚಿತ್ರ ಬರೆಯುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್ ಅನ್ನು ವರ್ಷಗಳಿಂದ ಬಳಸುತ್ತಿದ್ದೇನೆ. ಇದರ ಮೇಲೆ ಕಟ್ಟಿದ ಸೀಬಾರ್ನ್ ಲೈಬ್ರರಿಯಲ್ಲಿ ಒಂದೇ ಫಂಕ್ಷನ್‌ಗೆ ಮುಗಿಯುವ ಕೆಲಸಕ್ಕೆ ಇಲ್ಲಿ ಉದ್ದದ ಕೋಡ್ ಬೇಕು. ಆದರೂ ನನ್ನ ಓಟು ಇದಕ್ಕೇ. ಒಂದು ಪ್ಯಾನೆಲ್‌ನಲ್ಲಿ ಗೆರೆ, ಪಕ್ಕದ್ದರಲ್ಲಿ ಕಂಬ, ಇನ್ನೊಂದರಲ್ಲಿ ಮಿತಿ ತೋರಿಸುವ ಬಣ್ಣದ ಪಟ್ಟೆ ಎಂದಾಗ ಇಷ್ಟು ಹಿಡಿತ ಬೇರೆಲ್ಲೂ ಸಿಕ್ಕಿಲ್ಲ.

ಮೊದಲು ಚೌಕಟ್ಟು. 17 ಸಾಲುಗಳನ್ನು 4 ಕಾಲಮ್‌ಗಳಲ್ಲಿ ಹಾಕಿದರೆ 5 ಅಡ್ಡಸಾಲು, 20 ಪ್ಯಾನೆಲ್, 3 ಖಾಲಿ. ಪ್ಯಾನೆಲ್‌ಗೆ 2.5 ಇಂಚು ಅಗಲ, 2 ಇಂಚು ಎತ್ತರ ಎಂದು ಲೆಕ್ಕ ಹಾಕಿ ಫಿಗ್‌ಸೈಜ್ (ಇಡೀ ಚಿತ್ರದ ಅಳತೆ) 10×10 ಕೊಡಿ. ಡೀಫಾಲ್ಟ್ 6.4×4.8 ಇಂಚಿನಲ್ಲಿ ಇಷ್ಟನ್ನು ತುರುಕಿದರೆ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಪ್ಯಾನೆಲ್‌ಗಳನ್ನು ಸೃಷ್ಟಿಸುವ ಸಬ್‌ಪ್ಲಾಟ್ಸ್ ಫಂಕ್ಷನ್ ಕರೆಯುವಾಗ ಸ್ಕ್ವೀಜ್ ಆಯ್ಕೆಯನ್ನು ಫಾಲ್ಸ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಎರಡು ಆಯಾಮದ ಅರೇ (ಪ್ಯಾನೆಲ್‌ಗಳ ಪಟ್ಟಿ) ಬದಲು, ಒಂದೇ ಪ್ಯಾನೆಲ್ ಇದ್ದಾಗ ಬಿಡಿ ಆಬ್ಜೆಕ್ಟ್, ಒಂದೇ ಅಡ್ಡಸಾಲಿದ್ದಾಗ ಒಂದು ಆಯಾಮದ ಅರೇ ಸಿಗುತ್ತದೆ. ಡೇಟಾ ಕಡಿಮೆಯಾದ ದಿನ ಪ್ಯಾನೆಲ್‌ಗಳನ್ನು ಒಂದೊಂದಾಗಿ ತುಂಬುವ ಲೂಪ್ ಮುರಿಯುತ್ತದೆ.

ಲೂಪ್‌ನಲ್ಲಿ ಟೇಬಲ್‌ನ ಸಾಲುಗಳನ್ನು ಓದಲು ಪಾಂಡಾಸ್‌ನ ಇಟರ್‌ರೋಸ್ ಬೇಡ, ಇಟರ್‌ಟಪಲ್ಸ್ ಬಳಸಿ. ಇಟರ್‌ರೋಸ್ ಪ್ರತಿ ಸಾಲನ್ನೂ ಒಂದೇ ಟೈಪ್‌ನ ಸೀರೀಸ್ (ಪಾಂಡಾಸ್‌ನ ಮೌಲ್ಯಗಳ ಪಟ್ಟಿ) ಮಾಡುತ್ತದೆ. ಪೂರ್ಣಾಂಕ ಮತ್ತು ದಶಮಾಂಶ ಕಾಲಮ್‌ಗಳು ಮಾತ್ರ ಇರುವ ಟೇಬಲ್‌ನಲ್ಲಿ 2019 ಎಂಬ ಶೀರ್ಷಿಕೆ 2019.0 ಆಗಿ ಬರುವುದು ಇದರಿಂದಲೇ. ಸಂಖ್ಯೆಗಳು ಸ್ಟ್ರಿಂಗ್ (ಪಠ್ಯ) ಆಗಿ ಉಳಿದಿದ್ದರೆ ಇನ್ನೂ ಅಪಾಯ: ಮ್ಯಾಟ್‌ಪ್ಲಾಟ್‌ಲಿಬ್ ಎರರ್ ಕೊಡದೆ ಅವನ್ನು ವರ್ಗಗಳೆಂದು ತಿಳಿದು, ಬಂದ ಕ್ರಮದಲ್ಲೇ ಅಕ್ಷದ ಮೇಲೆ ಜೋಡಿಸುತ್ತದೆ. 9ರ ಮೇಲೆ 100, ಅದರ ಮೇಲೆ 12 ಕಂಡರೆ ಪಾಂಡಾಸ್‌ನ ಟು‌_ನ್ಯೂಮರಿಕ್ ಓಡಿಸಿ ಅವನ್ನು ಸಂಖ್ಯೆಗಳಾಗಿಸಿ. ಖಾಲಿ ಮೌಲ್ಯಗಳಿರುವ ಕಡೆ ಗೆರೆ ತುಂಡಾಗುತ್ತದೆ, ಅದು ಸರಿಯೇ. ಆದರೆ ಎರಡು ಖಾಲಿಗಳ ನಡುವಿನ ಒಂಟಿ ಬಿಂದು ಮಾರ್ಕರ್ ಇಲ್ಲದೆ ಕಾಣುವುದೇ ಇಲ್ಲ.

ನಿಜವಾಗಿ ತಲೆ ಓಡಿಸಬೇಕಾದ್ದು ಅಕ್ಷ ಹಂಚಿಕೆಯಲ್ಲಿ. ವೈ ಅಕ್ಷ ಹಂಚಿಕೊಂಡರೆ ಪ್ಯಾನೆಲ್‌ಗಳನ್ನು ನೇರವಾಗಿ ಹೋಲಿಸಬಹುದು, ಆದರೆ ಒಂದೇ ಒಂದು ದೊಡ್ಡ ಸಾಲು ಉಳಿದೆಲ್ಲವನ್ನೂ ನೆಲಕ್ಕೆ ಅಂಟಿಸಿಬಿಡುತ್ತದೆ. ಹಂಚಿಕೊಳ್ಳದಿದ್ದರೆ ಪ್ರತಿ ಗೆರೆಯ ಆಕಾರ ಚೆನ್ನಾಗಿ ಕಾಣುತ್ತದೆ. ಆದರೆ 2ರಿಂದ 3ಕ್ಕೆ ಏರಿದ್ದೂ 200ರಿಂದ 300ಕ್ಕೆ ಏರಿದ್ದೂ ಒಂದೇ ಎತ್ತರ. ಏರಿಳಿತದ ಅನುಪಾತ ಮುಖ್ಯವಾದರೆ, ಮೌಲ್ಯಗಳೆಲ್ಲ ಸೊನ್ನೆಗಿಂತ ಹೆಚ್ಚಿದ್ದರೆ, ಹಂಚಿಕೊಂಡ ಲಾಗ್ ಅಕ್ಷವೇ (ಸಮಾನ ಅನುಪಾತಕ್ಕೆ ಸಮಾನ ಎತ್ತರ) ನನ್ನ ಆಯ್ಕೆ. ಬೇರೆ ಬೇರೆ ಅಳತೆ ಇಡಲೇಬೇಕಾದರೆ ಅದನ್ನು ಚಿತ್ರದ ಮೇಲೆಯೇ ಬರೆಯಿರಿ. ನೋಡುವವರು ತಾವಾಗಿ ಗಮನಿಸುತ್ತಾರೆಂದು ನಂಬಬೇಡಿ.

ಎಕ್ಸ್ ಅಕ್ಷ ಹಂಚಿಕೊಂಡಾಗ ಅಂಕಿಗಳು ಕೆಳಗಿನ ಅಡ್ಡಸಾಲಿನಲ್ಲಿ ಮಾತ್ರ ಇರುತ್ತವೆ. ಮೇಲೆ ಹೇಳಿದ 3 ಖಾಲಿ ಪ್ಯಾನೆಲ್‌ಗಳನ್ನು ತೆಗೆದುಹಾಕಿದರೆ ಆ ಮೂರು ಕಾಲಮ್‌ಗಳ ಅಂಕಿಗಳೂ ಹೋಗುತ್ತವೆ. ಅವುಗಳ ಮೇಲಿನ ಪ್ಯಾನೆಲ್‌ಗಳಿಗೆ ಟಿಕ್‌_ಪ್ಯಾರಮ್ಸ್‌ನಲ್ಲಿ ಲೇಬಲ್‌ಬಾಟಮ್ ಅನ್ನು ಟ್ರೂ ಮಾಡಬೇಕು.

ಪ್ಯಾನೆಲ್‌ಗಳ ನಡುವಿನ ಅಂತರ ತಾನಾಗಿ ಸರಿಪಡಿಸಲು ಕನ್‌ಸ್ಟ್ರೇನ್ಡ್ ಲೇಔಟ್ ತುಂಬ ಒಳ್ಳೆಯದು. ಪ್ಯಾನೆಲ್‌ಗಳು ನೂರು ಮುಟ್ಟಿದರೆ ಮಾತ್ರ ಎದ್ದು ಕಾಣುವಷ್ಟು ನಿಧಾನ. ಕರಡು ನೋಡುವಾಗ ಆಫ್ ಮಾಡಿಟ್ಟು, ಕೊನೆಯ ಫೈಲ್ ಉಳಿಸುವಾಗ ಹಾಕಿ.

ಎಲ್ಲ ಪ್ಯಾನೆಲ್‌ಗಳೂ ಒಂದೇ ಬಗೆಯವಾದರೆ ಟೇಬಲ್ ಅನ್ನು ಮೆಲ್ಟ್ ಮಾಡಿ (ಕಾಲಮ್‌ಗಳನ್ನು ಸಾಲುಗಳಾಗಿ ಮಡಚಿ) ಸೀಬಾರ್ನ್‌ನ ರೆಲ್‌ಪ್ಲಾಟ್‌ಗೆ ಕೊಡುವುದೇ ಸುಲಭ, ಅದೂ ಒಳಗೆ ಮ್ಯಾಟ್‌ಪ್ಲಾಟ್‌ಲಿಬ್‌ನದೇ ಅಕ್ಷಗಳನ್ನು ಬಳಸುತ್ತದೆ. ಗೆರೆ ಚಿತ್ರದಲ್ಲಿ ಒಂದು ಎಚ್ಚರ: ಒಂದೇ ಎಕ್ಸ್ ಮೌಲ್ಯಕ್ಕೆ ಹಲವು ಸಾಲುಗಳಿದ್ದರೆ ಅದು ಸದ್ದಿಲ್ಲದೆ ಸರಾಸರಿ ತೆಗೆದು ಸುತ್ತ ಅನಿಶ್ಚಿತತೆಯ ನೆರಳು ಬಳಿಯುತ್ತದೆ. ಬಿಡಿ ಸಾಲುಗಳೇ ಬೇಕಾದರೆ ಎಸ್ಟಿಮೇಟರ್‌ಗೆ ನನ್ (None) ಕೊಟ್ಟು, ಯುನಿಟ್ಸ್‌ನಲ್ಲಿ ಸಾಲಿನ ಗುರುತು ಹಾಕಿ.

ನೂರಾರು ಸಾಲುಗಳಿದ್ದಾಗ ಪುಟಕ್ಕೆ 20ರಂತೆ, ಹಲವು ಪುಟಗಳ ಪಿಡಿಎಫ್ ಮಾಡುವ ಪಿಡಿಎಫ್‌ಪೇಜಸ್‌ಗೆ ಬರೆದು, ಪ್ರತಿ ಪುಟದ ನಂತರ ಫಿಗರ್ ಅನ್ನು ಕ್ಲೋಸ್ ಮಾಡಿ. ಮ್ಯಾಟ್‌ಪ್ಲಾಟ್‌ಲಿಬ್‌ನ ಪೈಪ್ಲಾಟ್ ಮಾಡ್ಯೂಲ್ ತೆರೆದ ಫಿಗರ್‌ಗಳನ್ನು ತಾನಾಗಿ ಬಿಡುವುದಿಲ್ಲ. 20 ದಾಟಿದಾಗ ಎಚ್ಚರಿಕೆ ಬರುತ್ತದೆ, ಮೆಮೊರಿ ಮಾತ್ರ ತುಂಬುತ್ತಲೇ ಹೋಗುತ್ತದೆ.